ಮಲಗಿದವರ ಪಾಳಿ

ಬಾಗಲಕೋಟೆ ಕಡೆಯ ದೊಡ್ಡಾಟಕ್ಕೆ, ಅಂದರೆ ಬಯಲಾಟಕ್ಕೆ, ಒಂದು ತೊಡಕುಂಟು. ರಾತ್ರಿ ಊಟ ಮುಗಿದ ಮೇಲೆ ಶುರುವಾದ ಆಟ ಬೆಳಕು ಹರಿಯುವವರೆಗೆ ನಡೆಯಬೇಕು. ಕುರುಕ್ಷೇತ್ರದ ಕಥೆ ಕೊನೆಯತನಕ ಬಂತೆಂದರೆ, ಅಶ್ವತ್ಥಾಮ ಅಟ್ಟ ಏರುವ ಹೊತ್ತಿಗೆ ಮುಂದಿನ ಬಯಲಲ್ಲಿ ಅರ್ಧ ಊರು ಕೌದಿ ಹೊದ್ದು ಗೊರಕೆ ಹೊಡೆಯುತ್ತಿರುತ್ತದೆ. ಮಲಗಿದವರನ್ನು ಕೊಲ್ಲುವ ಪ್ರಸಂಗಕ್ಕೆ ಮಲಗಿದವರೇ ಪ್ರೇಕ್ಷಕರು! ಎಚ್ಚರವಿದ್ದ ನಾಲ್ಕು ಮಂದಿ ಮರುದಿನ ಚಾದಂಗಡಿಯಲ್ಲಿ ಜಗಳಕ್ಕೆ ಕೂಡುತ್ತಾರೆ. “ಭೀಮ ತೊಡಿಗೆ ಹೊಡದದ್ದು ನಡೀತದಂದ್ರ ಇದ್ಯಾಕ ನಡ್ಯಂಗಿಲ್ಲೋ ಮಾರಾಯಾ?”

ಇಲ್ಲಿಯ ಮುಧೋಳ ‘ಗದಾಯುದ್ಧ’ ಬರೆದ ರನ್ನನ ಊರು. ತೊಡೆಯ ಮಾತು ಎತ್ತಿದರೆ ಇಲ್ಲಿ ಬೇಗ ಮುಗಿಯುವುದಿಲ್ಲ. ಹಾಗಾಗಿ ಧರ್ಮವನ್ನು ತುಸು ಬದಿಗಿಟ್ಟು ಬರೀ ಲೆಕ್ಕ ನೋಡೋಣ. ಕದ್ದು ಕೊಲ್ಲಹೊರಟವನು ಮೊದಲು ಕೇಳಿಕೊಳ್ಳಬೇಕಾದದ್ದು, ಈ ತಲೆ ಉರುಳಿದರೆ ಯುದ್ಧ ನಿಲ್ಲುತ್ತದೆಯೇ ಎಂದು. ದುರ್ಯೋಧನನಿಗೆ ಇದು ಚೆನ್ನಾಗಿ ಗೊತ್ತಿತ್ತು. ದ್ರೋಣ ಸೇನಾಪತಿಯಾದಾಗ ಅವನು ಬೇಡಿದ್ದು ಧರ್ಮರಾಜನ ತಲೆಯನ್ನಲ್ಲ, ಜೀವಂತ ಸೆರೆಯನ್ನು. ಕೊಂದರೆ ಅರ್ಜುನ ಒಬ್ಬನನ್ನೂ ಉಳಿಸುವುದಿಲ್ಲ. ಹಿಡಿದು ತಂದರೆ ಇನ್ನೊಮ್ಮೆ ಪಗಡೆ ಹಾಸಿ ಕಾಡಿಗಟ್ಟಬಹುದು. ಅಟ್ಟದ ಮೇಲೆ ಮೀಸೆ ತಿರುವಿ ಆರ್ಭಟಿಸುವ ದುರ್ಯೋಧನನನ್ನು ನೋಡಿದವರಿಗೆ, ಅವನ ತಲೆ ಇಷ್ಟು ತಣ್ಣಗೆ ಓಡುತ್ತಿತ್ತೆಂದು ನಂಬುವುದು ಕಷ್ಟ.

ಎಲ್ಲವೂ ಒಂದೇ ತಲೆಯ ಮೇಲೆ ನಿಂತಾಗ ಲೆಕ್ಕ ಬೇರೆ. 1565ರಲ್ಲಿ ಕೃಷ್ಣೆಯ ಸೀಮೆಯ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ರಾಮರಾಯ ಸೆರೆಸಿಕ್ಕು, ಅವನ ತಲೆ ಕಡಿದದ್ದೇ ತಡ, ಅಷ್ಟು ದೊಡ್ಡ ದಂಡು ಚೆಲ್ಲಾಪಿಲ್ಲಿಯಾಯಿತು. ಅದು ಕದ್ದು ಮಾಡಿದ ಕೊಲೆಯಲ್ಲ, ನಿಜ. ಆದರೆ ತಲೆಯ ಬೆಲೆ ಹೇಗೆ ಕಟ್ಟಬೇಕೆಂಬುದಕ್ಕೆ ಅಳತೆಗೋಲು. ಪಾಂಡವರದು ಐದು ತಲೆಯ ಮನೆ.

ಈಗ ಅಶ್ವತ್ಥಾಮನ ರಾತ್ರಿ. ಹದಿನೆಂಟು ದಿನದಲ್ಲಿ ಹದಿನೆಂಟು ಅಕ್ಷೋಹಿಣಿ ಕರಗಿ, ಕೌರವರ ಕಡೆ ಉಳಿದದ್ದು ಮೂವರು: ಅವನು, ಕೃಪ, ಕೃತವರ್ಮ. ಆಲದ ಮರದಲ್ಲಿ ಮಲಗಿದ ಕಾಗೆಗಳನ್ನು ಗೂಗೆಯೊಂದು ಕೊಂದದ್ದು ಕಂಡು ಅವನಿಗೆ ದಾರಿ ಹೊಳೆಯಿತು. ಕೃಪ, ಮಲಗು, ಬೆಳಗಾಗಲಿ, ಎದುರಾ ಎದುರು ಹೊಡೆದಾಡೋಣ ಎಂದ. ಸೋದರಮಾವನ ಮಾತು ಸಿಟ್ಟು ಬಂದವನ ಕಿವಿಗೆ ಎಂದಾದರೂ ಬಿದ್ದದ್ದುಂಟೇ? ಕೊನೆಗೆ ಆ ಮಾವನೂ ಹಿಂದೆಯೇ ಹೋದ.

ಕೆಲಸ ಹಂಚಿಕೊಂಡದ್ದರಲ್ಲಿ ಕುಂದಿಲ್ಲ. ಒಬ್ಬ ಒಳಗೆ, ಇಬ್ಬರು ಬಾಗಿಲಲ್ಲಿ; ಓಡಿ ಬಂದವರನ್ನು ಅಲ್ಲೇ ಕಡಿಯುವುದು, ಆಮೇಲೆ ಪಾಳೆಯಕ್ಕೆ ಮೂರು ಕಡೆ ಬೆಂಕಿ. ಕೆಟ್ಟದ್ದು ಮೊದಲ ಡೇರೆಯಲ್ಲೇ. ಅಪ್ಪನನ್ನು ಕೊಂದ ಧೃಷ್ಟದ್ಯುಮ್ನ, ಆಯುಧದಿಂದಾದರೂ ಕೊಲ್ಲು, ಸದ್ಗತಿಯಾಗಲಿ ಎಂದು ಬೇಡಿದರೂ ಅಶ್ವತ್ಥಾಮ ಕೊಡದೆ ತುಳಿದೇ ಕೊಂದ. ಕತ್ತಿಯ ಒಂದೇ ಏಟಿಗೆ ಮುಗಿಯುವ ಕೆಲಸ ಒದೆಗೆ ಮುಗಿಯುವುದಿಲ್ಲ. ಚೀರಾಟಕ್ಕೆ ಹೆಂಗಸರು, ಕಾವಲಿನವರು ಎದ್ದರು. ಗುಟ್ಟಿನ ಕೊಲೆಯಲ್ಲಿ ಸೇಡು ತೀರಿಸಿಕೊಳ್ಳಲು ಹೋದವನಿಗೆ ಮೊದಲ ನಷ್ಟ ಸದ್ದಿನದು.

ಎರಡನೆಯದು ಇನ್ನೂ ದೊಡ್ಡದು. ಯಾರು ಎಲ್ಲಿ ಮಲಗಿದ್ದಾರೆಂದು ಮೊದಲು ನೋಡಿಬರಲು ಒಬ್ಬನನ್ನೂ ಕಳಿಸಿರಲಿಲ್ಲ. ಐವರು ಪಾಂಡವರು, ಕೃಷ್ಣ, ಸಾತ್ಯಕಿ ಆ ರಾತ್ರಿ ಪಾಳೆಯದಲ್ಲೇ ಇರಲಿಲ್ಲ, ಹೊಳೆಯ ದಂಡೆಯಲ್ಲಿದ್ದರು. ಸಿಕ್ಕವರು ದ್ರೌಪದಿಯ ಐದು ಮಕ್ಕಳು. ಅದೂ ಯಾವಾಗ? ಗೆಲ್ಲಿಸಬೇಕಾದ ದೊರೆ ತೊಡೆ ಮುರಿದು ಕೊನೆಯುಸಿರು ಎಳೆಯುತ್ತಿದ್ದಾಗ. ಇದೇ ದಾಳಿ ಹತ್ತು ದಿನ ಮೊದಲು ಬಿದ್ದಿದ್ದರೆ ಚಾದಂಗಡಿಯ ಜಗಳದ ದಿಕ್ಕೇ ಬೇರೆಯಾಗುತ್ತಿತ್ತು. ತಪ್ಪೆನ್ನುವವರ ದನಿಯಂತೂ ಇಷ್ಟು ಗಟ್ಟಿಯಿರುತ್ತಿರಲಿಲ್ಲ.

ಬಾಗಿಲೂ ಸೋರಿತು. ಕೃತವರ್ಮನ ಗಮನ ಬೇರೆಡೆ ಇದ್ದಾಗ ಒಬ್ಬ ತಪ್ಪಿಸಿಕೊಂಡು ಹೋಗಿ ಧರ್ಮರಾಜನಿಗೆ ಸುದ್ದಿ ಮುಟ್ಟಿಸಿದ. ಅವನು ಧೃಷ್ಟದ್ಯುಮ್ನನ ಸಾರಥಿ. ದೊಡ್ಡಾಟದಲ್ಲೂ ಬೆಳತನಕ ಅಟ್ಟದ ಮೇಲೆ ಉಳಿಯುವವನು ಸಾರಥಿಯೇ, ರಾಜರು ಬರುತ್ತಾರೆ, ಸಾಯುತ್ತಾರೆ, ಅವನು ಮಾತ್ರ ನಿಂತೇ ಇರುತ್ತಾನೆ, “ತಾವು ದಾರು?” ಎಂದು ಮುಂದಿನವನನ್ನು ಕೇಳುತ್ತ.