ಚರ್ಚೆ: ತರಗತಿಯಲ್ಲಿ ಚಿಟ್ಟೆಹುಳು ಸಾಕಿ ಪಾಠ ಮಾಡಬೇಕೆ?

ಪರ: ಡಬ್ಬದೊಳಗೇ ಬೆಳೆಯಲಿ

ಚಿಟ್ಟೆಯ ಜೀವನಚಕ್ರವೆಂದರೆ ಪುಸ್ತಕದಲ್ಲಿ ನಾಲ್ಕು ಚಿತ್ರ, ನಾಲ್ಕು ಬಾಣ. ನಿಂಬೆ ಚಿಟ್ಟೆಯ ಹುಳು ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆಯಂತಿದ್ದು, ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಹಸಿರಾಗುವುದು, ಕೆಣಕಿದರೆ ತಲೆಯ ಹಿಂದಿನಿಂದ ಕವಲುಕೋಡು ಚಾಚಿ ಘಾಟು ವಾಸನೆ ಬಿಡುವುದು ಆ ಬಾಣಗಳಲ್ಲಿ ಎಲ್ಲಿದೆ?

ಸಾಕುವುದು ದೊಡ್ಡ ವಿದ್ಯೆಯೇನಲ್ಲ. ಅಗಲ ಬಾಯಿಯ ಡಬ್ಬ, ಮುಚ್ಚಲು ತೆಳುಬಟ್ಟೆ, ರಬ್ಬರ್ ಬ್ಯಾಂಡ್. ಒಳಗೊಂದು ಪುಟ್ಟ ಶೀಶೆಯ ನೀರಿನಲ್ಲಿ ನಿಂಬೆ ಟೊಂಗೆ. ಶೀಶೆಯ ಬಾಯಿಗೆ ಹತ್ತಿ ತುರುಕಲೇಬೇಕು. ಇಲ್ಲವಾದರೆ ಹುಳು ಕಡ್ಡಿ ಹಿಡಿದು ಇಳಿದು ನೀರಲ್ಲಿ ಮುಳುಗುತ್ತದೆ. ಡಬ್ಬಕ್ಕೆ ಎರಡೇ ಹುಳು ಸಾಕು. ಹಿಕ್ಕೆಯನ್ನು ದಿನಾ ತೆಗೆಯದಿದ್ದರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಒರಟು ಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಹೊರಬಂದ ಚಿಟ್ಟೆ ಏನನ್ನಾದರೂ ಹಿಡಿದು ಜೋತುಕೊಂಡೇ ರೆಕ್ಕೆ ಬಿಚ್ಚಬೇಕು. ಜಾರಿ ಬಿದ್ದರೆ ಮುದುಡಿದ ರೆಕ್ಕೆ ಹಾಗೆಯೇ ಒಣಗಿ, ಅದು ಮತ್ತೆ ಹಾರುವುದಿಲ್ಲ.

ಇದರಲ್ಲಿ ಲೆಕ್ಕವೂ ಇದೆ. ಎಲೆಯನ್ನು ಚೌಕಳಿ ಹಾಳೆಯ ಮೇಲಿಟ್ಟು ಅಂಚು ಗೀಚಿಕೊಂಡು ಹುಳುವಿಗೆ ಕೊಡಿ. ಮರುದಿನ ಉಳಿದ ತುಂಡನ್ನು ಅದೇ ಗೆರೆಯ ಮೇಲಿಟ್ಟು, ಖಾಲಿಯಾದ ಚೌಕ ಎಣಿಸಿ. ಹುಳು ತಿನ್ನುವುದರಲ್ಲಿ ಬಹುಪಾಲನ್ನು ಹಸಿರಾದ ಮೇಲಿನ ಕೊನೆಯ ದಿನಗಳಲ್ಲೇ ತಿಂದು ಮುಗಿಸುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೋಶದಿಂದ ಚಿಟ್ಟೆಯ ಬದಲು ಪರಾವಲಂಬಿ ಕಣಜ ಹೊರಬಂತೋ, ಇನ್ನೂ ಒಳ್ಳೆಯ ಪಾಠ.

ವಿರೋಧ: ಮಗು ಬದಲಿಸಿ ನೋಡುವುದೇನು?

ಚೌಕದ ಲೆಕ್ಕ ಚೆನ್ನಾಗಿದೆ, ಒಪ್ಪೋಣ. ಆದರೆ 40 ಮಕ್ಕಳಿಗೆ ಎರಡು ಹುಳು ಎಂದರೆ ಮುಂದಿನ ಬೆಂಚು ಎಣಿಸುತ್ತದೆ, ಹಿಂದಿನ ಬೆಂಚು ನಕಲು ಮಾಡುತ್ತದೆ. ರಜೆಯಲ್ಲಿ ಎಲೆ ಬದಲಿಸುವವರು ಯಾರು? ಔಷಧಿ ಹೊಡೆದ ಗಿಡದ ಎಲೆ ಒಂದು ಬಿದ್ದರೂ ಹುಳುಗಳ ಕತೆ ಮುಗಿಯಿತು. ಗಿಡವೇ ಹೀರಿಕೊಂಡ ವಿಷ ತೊಳೆದರೆ ಹೋಗುವುದಿಲ್ಲ.

ಅಸಲು ತಕರಾರು ಬೇರೆಯೇ. ಪ್ರಯೋಗವೆಂದರೆ ಒಂದನ್ನು ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು ನೋಡುವುದು. ಎಲೆ ಕೊಡದಿದ್ದರೆ ಹುಳು ಏನಾಗುತ್ತದೆಂದು ಪರೀಕ್ಷಿಸಲು ಮಕ್ಕಳನ್ನು ಬಿಡುತ್ತೇವೆಯೆ?

ಹೆಸರುಕಾಳಿನಲ್ಲಿ ಈ ಮುಜುಗರವಿಲ್ಲ. ಮೂರು ಲೋಟ, ತಲಾ 10 ಕಾಳು. ಒಂದರಲ್ಲಿ ಒಣಹತ್ತಿ, ಇನ್ನೊಂದರಲ್ಲಿ ಒದ್ದೆಹತ್ತಿ, ಮೂರನೆಯದರಲ್ಲಿ ಕಾಳು ಪೂರ್ತಿ ಮುಳುಗುವಷ್ಟು ನೀರು. ಬರೀ ನಲ್ಲಿ ನೀರಾದರೆ ಅದರಲ್ಲಿ ಕರಗಿದ ಗಾಳಿಯಿಂದಲೇ ಕೆಲವು ಕಾಳು ಮೂತಿ ತೋರಿಸಿ ಪ್ರಯೋಗ ಕೆಡಿಸುತ್ತವೆ. ಹಾಗಾಗಿ ಕುದಿಸಿ ಆರಿಸಿದ ನೀರು ಹಾಕಿ, ಮೇಲೆ ತೆಳುವಾಗಿ ಎಣ್ಣೆ ಬಿಡಬೇಕು. ಮೂರ್ನಾಲ್ಕು ದಿನದಲ್ಲಿ ಆ ಲೋಟ ನಾರುತ್ತದೆ, ‘ನೀರಿದ್ದರೆ ಸಾಕು’ ಎಂದಿದ್ದ ಮಗು ತಲೆ ಕೆರೆದುಕೊಳ್ಳುತ್ತದೆ. ಹತ್ತು ಕಾಳು ಯಾಕೆಂದರೆ, ಒಂದೇ ಇಟ್ಟು ಅದು ಕಲ್ಲುಕಾಳಾದರೆ ತೀರ್ಮಾನವೇ ತಲೆಕೆಳಗು. ಎಡವಟ್ಟಾದರೂ ಮರುದಿನ ಮತ್ತೆ ಹೂಡಬಹುದು, ಒಬ್ಬೊಬ್ಬರೂ.

ಹುಳು ಬೇಕೇ ಬೇಕೆಂದರೆ ಗಿಡದ ಮೇಲೆಯೇ ನೋಡಲಿ. ಟೊಂಗೆಗೆ ಬಣ್ಣದ ದಾರ ಕಟ್ಟಿ ದಿನಾ ಎಣಿಸಲಿ. ಇವತ್ತು ಆರಿದ್ದವು ನಾಳೆ ನಾಲ್ಕಾಗಿರುತ್ತವೆ. ಉಳಿದೆರಡು ಎಲ್ಲಿ ಹೋದವೆಂದು ಬಟ್ಟೆ ಮುಚ್ಚಿದ ಡಬ್ಬದ ಮುಂದೆ ಕೂತ ಮಗು ಕೇಳುವುದೇ ಇಲ್ಲ.