ಸಿಟ್ಟಿಗೆ ಮಾತ್ರೆ ಬೇಕೆ? ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರ ಚಿಕಿತ್ಸೆ: ಪರ-ವಿರೋಧ

ಪರ: ಕೊಡಿ, ಆದರೆ ಗಡುವು ಹಾಕಿ ಕೊಡಿ

ಮಾತೇ ಬಾರದವರನ್ನು "ಕಿವಿಯಲ್ಲಿ ಯಾರೋ ಮಾತಾಡಿದಂತೆ ಆಗುತ್ತದೆಯೇ?" ಎಂದು ಕೇಳಿ ಪ್ರಯೋಜನವಿಲ್ಲ. ಅವರಲ್ಲಿ ಮನೋರೋಗ ಬೇರೆ ರೂಪದಲ್ಲಿ ಕಾಣುತ್ತದೆ: ನಾಲ್ಕು ರಾತ್ರಿ ನಿದ್ದೆಯಿಲ್ಲ, ತಟ್ಟೆ ದೂಡುತ್ತಾರೆ, ತಾವೇ ಮಾಡಿಕೊಳ್ಳುತ್ತಿದ್ದ ಸ್ನಾನಕ್ಕೂ ಈಗ ಹೊಡೆದಾಟ. "ಅವನು ಹುಟ್ಟಿನಿಂದಲೂ ಹಾಗೇ" ಎಂದು ಇದನ್ನು ತಳ್ಳಿಹಾಕುವುದೇ ನಮ್ಮ ಆಸ್ಪತ್ರೆಗಳಲ್ಲಿ ಆಗುವ ದೊಡ್ಡ ತಪ್ಪು. ಕಳೆದ ತಿಂಗಳು ಶುರುವಾದದ್ದು ಹುಟ್ಟಿನಿಂದ ಬಂದದ್ದು ಹೇಗಾಗುತ್ತದೆ? ನಿದ್ದೆ, ಹುಮ್ಮಸ್ಸು, ಸಿಟ್ಟು ಕೆಲವು ತಿಂಗಳಿಗೊಮ್ಮೆ ಒಟ್ಟಿಗೇ ಏರಿಳಿಯುತ್ತಿದ್ದರೆ ಬೈಪೋಲಾರ್ ಕಾಯಿಲೆಯನ್ನು ಶಂಕಿಸಲೇಬೇಕು.

ವರ್ತನೆ ತಿದ್ದುವ ತರಬೇತಿ ಮೊದಲು ಎನ್ನುವುದನ್ನು ಒಪ್ಪೋಣ. ತರಬೇತಿ ಕೊಡುವವರು ಎಲ್ಲಿದ್ದಾರೆ? ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮನೆಗೇ ಬಂದು ವಾರಗಟ್ಟಲೆ ಗಮನಿಸುವ ಮನಶ್ಶಾಸ್ತ್ರಜ್ಞರು ಅಲ್ಲಿ ಸಿಗುವುದು ಅಪರೂಪ. ಅರುವತ್ತು ದಾಟಿದ ತಾಯಿ ಬೆಳೆದ ಮಗನ ಏಟು ತಿನ್ನುತ್ತಿದ್ದರೆ ಕೊನೆಗೆ ಉಳಿಯುವುದು ಕೋಣೆಯ ಚಿಲಕ. ಚಿಲಕಕ್ಕಿಂತ ಮನೋರೋಗಕ್ಕೆ ಕೊಡುವ ರಿಸ್ಪೆರಿಡಾನ್ ಮಾತ್ರೆ ಅರ್ಧ ಮಿಲಿಗ್ರಾಂ ಮೇಲು.

ಆದರೆ ಕ್ರಮ ತಪ್ಪಬಾರದು. ಮಾತ್ರೆಗೆ ಮುಂಚೆ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ; ಮೂರು ತಿಂಗಳಿಗೆ ಮತ್ತೊಮ್ಮೆ. ಎರಡು ವಾರ ಮೊದಲಿನಿಂದಲೇ ಕ್ಯಾಲೆಂಡರ್‌ನಲ್ಲಿ ದಿನಕ್ಕೆ ಎಷ್ಟು ಸಲ ಹೊಡೆದರು ಎಂದು ಗೀಟು ಹಾಕಿಡಿ. ಇಲ್ಲದಿದ್ದರೆ ಗುಣ ಆಯಿತೋ ಇಲ್ಲವೋ ಬರೀ ಅಂದಾಜಾಗುತ್ತದೆ. ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ 3-4 ವಾರಕ್ಕೆ ಪರಿಶೀಲಿಸಿ, 6 ವಾರಕ್ಕೂ ಗುಣ ಕಾಣದಿದ್ದರೆ ನಿಲ್ಲಿಸಿ ಎನ್ನುತ್ತದೆ. ಆ ತಾರೀಖನ್ನು ಮೊದಲ ದಿನವೇ ಚೀಟಿಯ ಮೇಲೆ ಬರೆದುಬಿಡಬೇಕು.

ವಿರೋಧ: ಮೊದಲು ಹಲ್ಲು ನೋಡಿ

ಮನೋರೋಗ ಖಚಿತವಾದವರಿಗೆ ಔಷಧಿ ಬೇಕೇ ಬೇಕು, ಅಲ್ಲಿ ತಕರಾರಿಲ್ಲ. ತಕರಾರಿರುವುದು ಬರೀ ಸಿಟ್ಟಿಗೆ ಕೊಡುವ ಮಾತ್ರೆಯ ಬಗ್ಗೆ. 2008ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ, ಮನೋವಿಕೃತಿ ಇಲ್ಲದ, ಆದರೆ ಹೊಡೆಯುತ್ತಿದ್ದ 86 ವಯಸ್ಕರಿಗೆ ರಿಸ್ಪೆರಿಡಾನ್, ಅದೇ ಬಗೆಯ ಹಳೆಯ ಔಷಧಿ ಹ್ಯಾಲೊಪೆರಿಡಾಲ್ ಅಥವಾ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರದಲ್ಲಿ ಮೂರೂ ಗುಂಪಿನಲ್ಲಿ ಸಿಟ್ಟು ಇಳಿಯಿತು, ಹುಸಿ ಮಾತ್ರೆಯವರಲ್ಲೇ ಹೆಚ್ಚು. ಸಂಖ್ಯೆ ಚಿಕ್ಕದು, ನಿಜ. ಆದರೂ ಕೊಡಲೇಬೇಕು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ತನ್ನ ಕೆನ್ನೆಗೆ ತಾನೇ ಗುದ್ದಿಕೊಳ್ಳುವವರ ದವಡೆಹಲ್ಲು ಹುಳುಕಾಗಿರಬಹುದು. ಊಟವಾದ ಮೇಲೆ ಕಿರುಚಿದರೆ ಎದೆಯುರಿ. ತಿಂಗಳಿಗೊಮ್ಮೆ ರೇಗಿದರೆ ಮುಟ್ಟಿನ ನೋವು. ಕಿವಿಗುಗ್ಗೆ, ಮೂತ್ರದ ಸೋಂಕು, ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ. ಹೊಟ್ಟೆ ಮುಟ್ಟಿ ನೋಡಲು ಎರಡು ನಿಮಿಷ ಸಾಕು. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ನೋಡದೆ ಮಾತ್ರೆ ಬರೆಯಲೇಬಾರದು.

ಮಾತ್ರೆಯೇ ಮಾಡುವ ಅವಾಂತರ ಹೇಗಿರುತ್ತದೆ ನೋಡಿ. ಈ ಔಷಧಿಗಳಿಂದ ಕಾಲಿನಲ್ಲಿ ತಡೆಯಲಾಗದ ಚಡಪಡಿಕೆ ಶುರುವಾಗಬಹುದು: ಕೂತಲ್ಲಿ ಕೂರಲಾಗದೆ ಎದ್ದು ತಿರುಗುತ್ತಾರೆ, ಹಿಡಿದರೆ ಹೊಡೆಯುತ್ತಾರೆ. ಮನೆಯವರು "ಜಾಸ್ತಿಯಾಗಿದೆ ಸಾರ್" ಎನ್ನುತ್ತಾರೆ, ಡೋಸ್ ಏರುತ್ತದೆ. ಕೈಕಾಲು ಸೆಟೆದು ಜೊಲ್ಲು ಸುರಿದರೆ ಆ ಅಡ್ಡಪರಿಣಾಮ ತಗ್ಗಿಸಲು ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮಾತ್ರೆ ಸೇರುತ್ತದೆ. ಅದರಿಂದ ಬಾಯಿ ಒಣಗಿ ಮಲ ಗಟ್ಟಿಯಾಗುತ್ತದೆ, ಹೊಟ್ಟೆನೋವಿಗೆ ಮತ್ತೆ ಕಿರುಚಾಟ. ಮೊದಲ ಮಾತ್ರೆಗೆ ಕಾರಣವೂ ಅದೇ ಹೊಟ್ಟೆನೋವಾಗಿದ್ದರೆ? ಆರು ವಾರದ ಗಡುವು ಕಾಗದದಲ್ಲಿ ಚೆನ್ನ; ಹಳೇ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ಅದನ್ನೇ ತರುವುದು ನಡೆಯುತ್ತಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬುದ್ಧಿಬೆಳವಣಿಗೆಯ ಕೊರತೆಯನ್ನು ಮನೋರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ಆ ಕೊರತೆ ಇದೆ ಎಂದ ಮಾತ್ರಕ್ಕೆ ಅದು ಮನೋರೋಗವಲ್ಲ.

ತರಬೇತುದಾರರಿಲ್ಲ ಎಂಬುದು ನಿಜವಾದ ಕಷ್ಟ. ಆದರೆ ಹೊಡೆತದ ಮುಂಚೆ ಏನಾಯಿತು, ಹೇಗೆ ಹೊಡೆದರು, ಆಮೇಲೆ ಮನೆಯವರು ಏನು ಮಾಡಿದರು ಎಂದು ಮೂರು ಕಂಬಸಾಲಿನಲ್ಲಿ ಬರೆಯಲು ಶಾಲೆ ಕಲಿತ ತಂಗಿ ಸಾಕು. ಆಶಾ ಕಾರ್ಯಕರ್ತೆಗೂ ಹೇಳಿಕೊಡಬಹುದು. ಥೆರಪಿಯ ಖರ್ಚಿಗೆ ಇಂಥ ಅಂಗವೈಕಲ್ಯವಿರುವವರಿಗಾಗಿ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯ 1 ಲಕ್ಷ ರೂಪಾಯಿ ಮಿತಿಯೊಳಗೆ ಒಂದು ಪಾಲಿದೆ. ಈಗಾಗಲೇ ನುಂಗುತ್ತಿರುವವರು ಇದನ್ನು ಓದಿ ಒಮ್ಮೆಲೇ ನಿಲ್ಲಿಸಬೇಡಿ: ವೈದ್ಯರ ಕಣ್ಣಳತೆಯಲ್ಲೇ, ತಿಂಗಳುಗಳ ಅವಧಿಯಲ್ಲಿ ಇಳಿಸಬೇಕು. ನಡುವೆ ಬಾಯಿ-ನಾಲಿಗೆ ತಾನಾಗಿ ಆಡತೊಡಗಿದರೆ, ನಿದ್ದೆ ಕೆಟ್ಟರೆ, ಇಳಿಕೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಆಮೇಲೆ ಮುಂದಿನ ಇಳಿಕೆ.