ಮುದ್ದಿಗೆ ಮುನಿಯುವ ಅಲಸಂದಿ

ಅಲಸಂದಿಯ ಫಜೀತಿ ಹಿತ್ತಲಿಗಿಂತ ಮೊದಲು ಬೀಜದ ಅಂಗಡಿಯಲ್ಲೇ ಶುರುವಾಗುತ್ತದೆ. ಬೆಳಗಾವಿ ಕಡೆಯಿಂದ ಬಂದ ಅತ್ತಿ ‘ಚವಳಿ ಬೀಜ ತಗೊಂಬಾ’ ಅಂತಾರೆ. ಮರಾಠಿಯಲ್ಲಿ ಚವಳಿ ಅಂದರೆ ಅಲಸಂದಿ, ಹುಬ್ಬಳ್ಳಿ ಸಂತೆಯಲ್ಲಿ ಚವಳಿಕಾಯಿ ಅಂದರೆ ಗೋರಿಕಾಯಿ. ಅಂಗಡಿಯವನು ಕೇಳಿದ್ದನ್ನೇ ಕೊಡ್ತಾನೆ, ಅವನದೇನೂ ತಪ್ಪಿಲ್ಲ. ಎರಡು ತಿಂಗಳಿಗೆ ಹಿತ್ತಲಲ್ಲಿ ಗೋರಿಕಾಯಿ ನೆಟ್ಟಗೆ ನಿಂತಿರುತ್ತದೆ, ಅತ್ತಿ-ಸೊಸಿ ಮುಖ ಮುಖ ನೋಡ್ಕೋತಾರೆ.

ಮೊಬೈಲ್ ನೋಡಿ ಕೃಷಿ ಕಲಿತವರದು ಇನ್ನೊಂದು ತರಹದ ಎಡವಟ್ಟು. ಅಮೆರಿಕದ ದಕ್ಷಿಣ ರಾಜ್ಯಗಳ ಮಂದಿ ಅಲಸಂದಿಯನ್ನು ‘ಸದರ್ನ್ ಪೀ’ ಅಂತಾರೆ. ‘ಪೀ’ ಅಂದಕೂಡಲೇ ಬಟಾಣಿ ಅಂತ ತಿಳಿದು, ಮಾರ್ಚ್ ತಿಂಗಳ ಗದಗ ಬಿಸಿಲಿಗೆ ಬಟಾಣಿ ಊರುತ್ತಾರೆ. ಬಟಾಣಿಗೆ ಚಳಿ ಬೇಕು. ಅಲಸಂದಿ ಆಫ್ರಿಕಾ ಮೂಲದ್ದು, ನಾವು ಫ್ಯಾನಿನ ಕೆಳಗೆ ನರಳುವ ಬಿಸಿಲಲ್ಲಿ ಅದು ಹಾಯಾಗಿ ಚಿಗುರುತ್ತದೆ. ಡಿಸೆಂಬರಿನ ಥಂಡಿಯಲ್ಲಿ ಮಾತ್ರ ಮುದುಡಿ ಕೂರುತ್ತದೆ.

ಕಿರಾಣಿ ಕಾಳು ಊರಿದರೂ ಮೊಳಕೆ ಬರುತ್ತದೆ, ಆದರೆ ಅದು ಪೊದೆಯೋ ಬಳ್ಳಿಯೋ ಅಂತ ಗೊತ್ತಾಗೋದು ಪಕ್ಕದ ಮನೆಯ ಕಿಟಕಿ ಹತ್ತಿದ ಮೇಲೆ. ಒಣಕಾಳು ಬೇಕಾದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಸಿ-15 ತಳಿ ಇದೆ. ಎಳೆಕಾಯಿ ಪಲ್ಯಕ್ಕೆ ಅರ್ಕಾ ಗರಿಮಾ, ಮಾರುದ್ದದ ಕಾಯಿ ನೇತಾಡಿಸೋ ಆಸೆಯಿದ್ದರೆ ಅರ್ಕಾ ಮಂಗಳ. ಮಂಗಳಕ್ಕೆ ಆಳೆತ್ತರದ ಚಪ್ಪರ ಹಾಕಲೇಬೇಕು.

ಬಿತ್ತುವಾಗ ಮುದ್ದು ಅತಿಯಾಗುತ್ತದೆ. ಕಾಳನ್ನು ಉಸುಳಿಗೆ ನೆನೆಸಿದಂತೆ ರಾತ್ರಿಯೆಲ್ಲ ನೀರಲ್ಲಿಟ್ಟು, ಉಬ್ಬಿ ಸಿಪ್ಪೆ ಬಿರಿದದ್ದನ್ನು ಎರಿ (ಕಪ್ಪು) ಮಣ್ಣಲ್ಲಿ ಹೂತು, ಮೇಲೊಂದು ಕೊಡ ನೀರು ಸುರಿಯುತ್ತಾರೆ. ಮೂರನೇ ದಿನಕ್ಕೆ ಒಳಗೆ ಅಂಬಲಿ. ಒಣ ಕಾಳನ್ನೇ ಹದವಿದ್ದ ಮಣ್ಣಲ್ಲಿ ಬೆರಳಿನ ಒಂದು ಗೆಣ್ಣು ಆಳಕ್ಕೆ, ಅಂದರೆ ಎರಡೂವರೆ ಸೆಂಟಿಮೀಟರಿಗೆ ಊರಿದರೆ ಸಾಕು. ಕಾಳಿನಿಂದ ಕಾಳಿಗೆ ಗೇಣಿಗಿಂತ ಚೂರು ಕಡಿಮೆ, ಸಾಲಿಗೆ ಒಂದೂವರೆ ಅಡಿ. ನಾಲ್ಕರಿಂದ ಆರು ದಿನಕ್ಕೆ ಕುತ್ತಿಗೆ ಬಾಗಿಸಿಕೊಂಡು ಮೇಲೆ ಬರುತ್ತದೆ. ಬಿತ್ತಿದ ಮರುದಿನ ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಎರಿ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಆ ಬಾಗಿದ ಕುತ್ತಿಗೆ ಅಲ್ಲೇ ಮುರಿಯುತ್ತದೆ. ಆಗ ‘ಬೀಜ ಖೊಟ್ಟಿ’ ಅಂತ ಅಂಗಡಿಯವನ ಮೇಲೆ ಏರಿ ಹೋಗೋದು ರೂಢಿ. ಸಾಲಿನ ಮೇಲೆ ತೆಳ್ಳಗೆ ಮರಳು ಉದುರಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಕುಂಡದವರು ಎರಿ, ಮಸಾರಿ (ಕೆಂಪು ಮಣ್ಣು), ಕಾಂಪೋಸ್ಟು ಸಮಸಮ ಬೆರೆಸಿ, ಹನ್ನೆರಡು ಇಂಚಿನ ಕುಂಡಕ್ಕೆ ಎರಡೇ ಗಿಡ ಬಿಡಬೇಕು. ಮೂರನೆಯದನ್ನು ಕಿತ್ತೆಸೆಯಲು ಜೀವ ಒಗ್ಗೋದಿಲ್ಲ, ಆದರೂ ಕೀಳಬೇಕು.

ಇನ್ನು ಯೂರಿಯಾ. ಮುಷ್ಟಿಗಟ್ಟಲೆ ಹಾಕಿದವರ ಗಿಡ ನೋಡಲು ಚೆಂದ: ಅಂಗೈಯಗಲದ ಕಡು ಹಸಿರು ಎಲೆ, ಓಣಿಯವರೆಲ್ಲ ಬಂದು ನೋಡಿ ಹೋಗ್ತಾರೆ. ಕಾಯಿ ಮಾತ್ರ ಕೇಳಬೇಡಿ. ಅಲಸಂದಿಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಸೂಕ್ಷ್ಮಾಣುಗಳು ಕೂತು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಬಡಿಸುತ್ತವೆ. ಹೊರಗಿನಿಂದ ಪುಕ್ಕಟೆ ಊಟ ಬಂದರೆ ಗಿಡ ಗಂಟು ಕಟ್ಟುವ ಉಸಾಬರಿಗೇ ಹೋಗೋದಿಲ್ಲ, ಎಲೆ ಬೆಳೆಸಿಕೊಂಡು ಕೂತುಬಿಡುತ್ತದೆ. ಹೂ ಬರುವ ಹೊತ್ತಿಗೆ ಒಂದು ಗಿಡ ಕಿತ್ತು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ಬೆಲ್ಲದ ಬೀಜವನ್ನು ಕಟ್ಟೆ ಮೇಲೆ ಬಿಟ್ಟು ಚಾ ಕುಡಿಯಲು ಹೋದರೆ ಇರುವೆ ಪಂಗತಿ ಕೂತಿರುತ್ತದೆ.

ಇರುವೆಯ ಮಾತು ಬಂದೇ ಬರುತ್ತದೆ. ಅಲಸಂದಿಯ ಹೂಗೊಂಚಲಿನ ಬುಡದಲ್ಲಿ ಸಿಹಿರಸ ಒಸರುವ ಸಣ್ಣ ಗ್ರಂಥಿಗಳಿವೆ, ಅದಕ್ಕೇ ಇರುವೆ ಹತ್ತೋದು. ಅಷ್ಟಕ್ಕೆ ಗಾಬರಿ ಬೇಡ. ಆದರೆ ಚಿಗುರಿನ ತುದಿಗೂ ಎಳೆಕಾಯಿಗೂ ಕರಿ ಎಳ್ಳು ಮೆತ್ತಿದಂತೆ ಸಸ್ಯಹೇನು ಕಂಡರೆ ವಿಷಯ ಬೇರೆ. ಇರುವೆ ಅವುಗಳ ಅಂಟುರಸಕ್ಕಾಗಿ ಕಾವಲು ನಿಲ್ಲುತ್ತದೆ, ದನ ಕಾಯೋರ ಹಾಗೆ. ಈ ಹೊತ್ತಿಗೆ ಸರಿಯಾಗಿ ಗಿಡದ ಮೇಲೆ ಕಪ್ಪು ಮೈಗೆ ಕಿತ್ತಳೆ ಮಚ್ಚೆಯ, ಮೊಸಳೆ ಮರಿಯಂಥ ಹುಳ ಕಾಣುತ್ತದೆ. ನೋಡಿದವರು ‘ಅಯ್ಯೋ’ ಅಂತ ಚಪ್ಪಲಿ ತಗೋತಾರೆ. ಅದು ಗುಲಗಂಜಿ ಹುಳದ ಮರಿ. ಆ ಹೇನು ತಿನ್ನಲಿಕ್ಕೇ ಬಂದದ್ದು! ಪೊಲೀಸರನ್ನು ಬಡಿದು ಕಳ್ಳರಿಗೆ ಚಾ ಕೊಡುವ ಈ ಕೆಲಸ ಪ್ರತಿ ಓಣಿಯಲ್ಲೂ ನಡೆದಿದೆ. ಮೊದಲು ನೀರನ್ನು ರಭಸದಿಂದ ಹೊಡೆದು ಹೇನು ಉದುರಿಸಿ. ಬಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು, ಸಂಜೆ ಹೊತ್ತು, ಎಲೆಯ ಅಡಿಗೂ. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲಿ, ಕೊನೆಯ ಗಿಡಕ್ಕೆ ಪೂರ್ತಿ ಅಭ್ಯಂಜನವಾಗುತ್ತದೆ.

ನಳದ ನೀರು ಬಾರದ ವಾರದಲ್ಲಿ ಗಿಡ ಬಾಡುವುದೇನೋ ಅಂತ ಕುಡಿಯೋ ನೀರು ಹಾಕಬೇಡಿ, ಅದು ತಡೆಯುತ್ತದೆ. ಹೂ-ಕಾಯಿ ಹೊತ್ತಿಗೆ ಮಾತ್ರ ಬುಡ ಒಣಗಿಸಬಾರದು, ಹೂ ಉದುರುತ್ತವೆ.

ಆರು ಗಿಡ ಹಾಕಿ ಬೀಗರನ್ನು ಊಟಕ್ಕೆ ಕರೆದವರಿಗೆ ಸಿಗೋದು ಒಂದು ಮುಷ್ಟಿ ಕಾಯಿ. ನಾಲ್ಕು ಜನರ ಪಲ್ಯಕ್ಕೆ ಹದಿನೈದು-ಇಪ್ಪತ್ತು ಗಿಡ ಬೇಕು. ಎರಡು-ಮೂರು ದಿನಕ್ಕೊಮ್ಮೆ ಬಿಡಿಸುತ್ತಿರಬೇಕು, ಬಲಿಯಲು ಬಿಟ್ಟರೆ ಗಿಡ ತನ್ನ ಜವಾಬ್ದಾರಿ ಮುಗಿಯಿತು ಅಂತ ಹೂ ನಿಲ್ಲಿಸುತ್ತದೆ.

ಒಣಕಾಳಿನದು ಕೊನೆಯ ಮೋಸ. ಕಾಯಿ ಗಿಡದಲ್ಲಿದ್ದಾಗಲೇ ಕಾಳುಹುಳ ಅದರ ಮೇಲೆ ಮೊಟ್ಟೆ ಅಂಟಿಸಿರುತ್ತದೆ, ಮರಿ ಕಾಳಿನೊಳಗೆ ಕೊರೆದು ಹೋಗಿರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟರೆ ಅವಕ್ಕೊಂದು ಮನೆ ಕಟ್ಟಿಕೊಟ್ಟ ಹಾಗೆ. ಹಲ್ಲಿಗೆ ಕಟ್ ಅನ್ನುವವರೆಗೆ ಒಣಗಿಸಿ, ನಾಲ್ಕು ದಿನ ಫ್ರೀಜರಿನಲ್ಲಿಡಿ. ಇಲ್ಲವೇ ಕಿಲೋ ಕಾಳಿಗೆ ಒಂದು ಚಮಚ, ಅಂದರೆ 5 ಮಿಲಿ, ಅಡುಗೆ ಎಣ್ಣೆ ಸವರಿಡಿ. ಮರೆತವರು ಒಂದೆರಡು ತಿಂಗಳ ಮೇಲೆ ಮುಚ್ಚಳ ತೆಗೆದಾಗ ಕಾಳಿಗೊಂದು ದುಂಡನೆ ಕಿಂಡಿ, ತಳದಲ್ಲಿ ಬಿಳಿ ಹಿಟ್ಟು. ಕಂದು ಹುಳವೊಂದು ಕೈ ಮೇಲೆ ಹತ್ತಿ, ಅತ್ತಿತ್ತ ನೋಡಿ, ಪಕ್ಕದ ಹೆಸರುಕಾಳಿನ ಡಬ್ಬಿಯ ಕಡೆ ಹೊರಡುತ್ತದೆ.